ಜ್ವರ ಬಿಟ್ಟ ಮೇಲೂ ಮಾತ್ರೆ ಏಕೆ?

1941ರ ಫೆಬ್ರವರಿ. ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನ ಮುಖವೆಲ್ಲ ಕೀವಾಗಿ, ಒಂದು ಕಣ್ಣು ಆಗಲೇ ಹೋಗಿತ್ತು. ವಿಜ್ಞಾನಿ ಹೋವರ್ಡ್ ಫ್ಲೋರಿಯ ತಂಡ ಪೆನಿಸಿಲಿನ್ ಕೊಡತೊಡಗಿತು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಊಟ ಸೇರಿತು. ಆದರೆ ತಂಡದ ಬಳಿ ಇದ್ದ ಔಷಧವೇ ಅಷ್ಟು. ರೋಗಿಯ ಮೂತ್ರದಿಂದ ಮರಳಿ ತೆಗೆದು ಕೊಟ್ಟರೂ ಐದು ದಿನಕ್ಕೆ ಮುಗಿದುಹೋಯಿತು. ಸೋಂಕು ಮರುಕಳಿಸಿ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಔಷಧ ಕೆಲಸ ಮಾಡುತ್ತಿತ್ತು, ಮುಗಿಸಲು ದಿನ ಸಾಲಲಿಲ್ಲ.

ಆಂಟಿಬಯಾಟಿಕ್ ಹೊಟ್ಟೆಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾಗಳೆಲ್ಲ ಒಟ್ಟಿಗೆ ಸಾಯುತ್ತವೆ ಎಂದು ನಾವು ನಂಬಿದ್ದೇವೆ. ಪ್ರಯೋಗಾಲಯದಲ್ಲಿ ಕಾಣುವುದೇ ಬೇರೆ. ಬ್ಯಾಕ್ಟೀರಿಯಾ ಬೆಳೆಯುತ್ತಿರುವ ದ್ರವಕ್ಕೆ ಔಷಧ ಬೆರೆಸಿ, ಕೆಲವು ಗಂಟೆಗೊಮ್ಮೆ ತುಸು ತೆಗೆದು, ನೂರು ಪಟ್ಟು, ಸಾವಿರ ಪಟ್ಟು ತೆಳುವಾಗಿಸಿ ಅಗರ್ ತಟ್ಟೆಯ ಮೇಲೆ ಸವರುತ್ತಾರೆ. ಮರುದಿನ ತಟ್ಟೆಯಲ್ಲಿ ಸಾಸಿವೆಯಷ್ಟು ಚುಕ್ಕಿಗಳು ಮೂಡಿರುತ್ತವೆ. ಸಾಮಾನ್ಯವಾಗಿ ಬದುಕುಳಿದ ಒಂದು ಬ್ಯಾಕ್ಟೀರಿಯಾಕ್ಕೆ ಒಂದು ಚುಕ್ಕಿ. ಎಣಿಸುತ್ತ ಹೋದರೆ ಹತ್ತು ಕೋಟಿ ಇದ್ದದ್ದು ಒಂದು ಕೋಟಿಯಾಗಿ, ಹತ್ತು ಲಕ್ಷವಾಗಿ, ಒಂದು ಲಕ್ಷವಾಗಿ ಇಳಿಯುವುದು ಕಾಣುತ್ತದೆ. ಒಂದು ದಿನದೊಳಗೆ ಶೇಕಡಾ 99.9 ಸತ್ತರೆ ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಎಂದು ವಿಜ್ಞಾನಿಗಳು ಒಪ್ಪುತ್ತಾರೆ. ಆಗಲೂ ಲಕ್ಷ ಉಳಿದಿರುತ್ತದೆ! ನಮ್ಮ ಜ್ವರ ಇಳಿಯುವುದು ಸಂಖ್ಯೆ ಕುಸಿದಾಗ. ಉಳಿದವುಗಳ ಸುಳಿವು ಮೈಗೆ ಸಿಗುವುದಿಲ್ಲ.

ಆ ಉಳಿದವು ಎಂಥವು? 1944ರಲ್ಲಿ ಐರ್ಲೆಂಡಿನ ವಿಜ್ಞಾನಿ ಜೋಸೆಫ್ ಬಿಗ್ಗರ್ ಇದನ್ನೇ ಕೆದಕಿದರು. ಪೆನಿಸಿಲಿನ್ ಎಷ್ಟು ಹೊತ್ತು ಇದ್ದರೂ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಉಳಿಯುತ್ತಿತ್ತು. ಅವನ್ನು ಮತ್ತೆ ಬೆಳೆಸಿ ನೋಡಿದರೆ ಆ ಸಂತತಿ ಮೊದಲಿನಷ್ಟೇ ಸುಲಭವಾಗಿ ಸಾಯುತ್ತಿತ್ತು! ಅಂದರೆ ಅವು ನಿರೋಧಕ ಶಕ್ತಿ ಗಳಿಸಿರಲಿಲ್ಲ, ಬೆಳೆಯದೆ ಸುಮ್ಮನಿದ್ದವು, ಅಷ್ಟೇ. ಪೆನಿಸಿಲಿನ್ ಕೆಡಿಸುವುದು ಕೋಶಭಿತ್ತಿ ಕಟ್ಟುವ ಕೆಲಸವನ್ನು. ಕಟ್ಟದೆ ಕೂತ ಬ್ಯಾಕ್ಟೀರಿಯಾದಲ್ಲಿ ಕೆಡಿಸಲು ಏನಿದೆ?

ಕ್ಷಯದಲ್ಲಿ ಇದರ ಪರಿಣಾಮ ಘೋರ. ಅದರ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಬೇಕು, ಕೆಲವು ಬಹುಕಾಲ ಮಲಗಿಯೇ ಇರುತ್ತವೆ. ಚುರುಕಾಗಿ ಬೆಳೆಯುವವನ್ನು ಐಸೋನಿಯಾಜಿಡ್ ಮೊದಲ ಕೆಲವು ದಿನಗಳಲ್ಲೇ ಕೊಲ್ಲುತ್ತದೆ. ನಿಧಾನದವನ್ನು ರಿಫಾಂಪಿಸಿನ್, ಪೈರಾಜಿನಮೈಡ್‌ಗಳು ಹುಡುಕಿ ಕೊಲ್ಲಬೇಕು. ಕೆಮ್ಮು ನಿಂತು ತೂಕ ಏರಿದ ಮೇಲೂ ಆರು ತಿಂಗಳು ಮಾತ್ರೆ ನುಂಗಬೇಕಾದದ್ದು ಇದಕ್ಕೇ.

ಗಂಟೆಯ ಲೆಕ್ಕವೂ ಔಷಧದಿಂದ ಔಷಧಕ್ಕೆ ಬೇರೆ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸಾಕಷ್ಟು ಮಟ್ಟದಲ್ಲಿ ಎಷ್ಟು ಹೊತ್ತು ಇತ್ತು ಎಂಬುದು ಮುಖ್ಯ. ಜೆಂಟಾಮೈಸಿನ್‌ಗೆ ರಕ್ತದಲ್ಲಿ ಅದರ ಮಟ್ಟ ಎಷ್ಟು ಎತ್ತರಕ್ಕೆ ಏರಿತು ಎಂಬುದು ಮುಖ್ಯ. ಬೆಳಿಗ್ಗೆ ಮರೆತ ಅಮಾಕ್ಸಿಸಿಲಿನ್ ಅನ್ನು ರಾತ್ರಿ ಎರಡು ಒಟ್ಟಿಗೆ ನುಂಗಿದರೂ ಕಳೆದ ಗಂಟೆಗಳು ವಾಪಸು ಬರುವುದಿಲ್ಲ.

ಹಾಗಾದರೆ ಹೆಚ್ಚು ದಿನ ತಿಂದಷ್ಟೂ ಒಳ್ಳೆಯದೇ? ಖಂಡಿತ ಅಲ್ಲ. ಸಾಧಾರಣ ನ್ಯುಮೋನಿಯಾದಲ್ಲಿ ರೋಗಿ ಚೇತರಿಸುತ್ತಿದ್ದರೆ ಐದು ದಿನ ಸಾಕಾಗುತ್ತದೆ, ಉಳಿದ ಬ್ಯಾಕ್ಟೀರಿಯಾಗಳನ್ನು ದೇಹದ ಬಿಳಿ ರಕ್ತಕಣಗಳೇ ನೋಡಿಕೊಳ್ಳುತ್ತವೆ. ಬೇಡದ ಪ್ರತಿ ದಿನವೂ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳಲ್ಲಿ ನಿರೋಧಕವಾದವನ್ನೇ ಆಯ್ದು ಬೆಳೆಸುತ್ತದೆ. ವೈರಸ್ಸಿನಿಂದ ಬಂದ ನೆಗಡಿಗಂತೂ ಒಂದು ದಿನವೂ ಹೆಚ್ಚೇ. ಆದ್ದರಿಂದ ಎಲ್ಲಕ್ಕೂ ಒಂದೇ ಕೋರ್ಸ್ ಎಂಬ ನಿಯಮವನ್ನೂ, ಗುಣವೆನಿಸಿದಾಗ ನಿಲ್ಲಿಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ಎಷ್ಟು ದಿನ ಎಂಬುದನ್ನು ತೀರ್ಮಾನಿಸಬೇಕಾದದ್ದು ಆ ರೋಗದ ಬ್ಯಾಕ್ಟೀರಿಯಾ ಬೆಳೆಯುವ, ಸಾಯುವ ವೇಗ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಎರಡು ದಿನದ ಮಾತ್ರೆ ಕೇಳುವುದನ್ನು ದಯವಿಟ್ಟು ಬಿಡಿ. ವೈದ್ಯರು ಬರೆದುಕೊಟ್ಟಾಗ ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ, ಏಕೆ ಅಷ್ಟು ಎಂದು ಕೇಳಿ. ನಡುವೆ ನಿಲ್ಲಿಸಬೇಕೆನಿಸಿದರೆ ಅವರಿಗೇ ಫೋನ್ ಮಾಡಿ.