ಸಣ್ಣ ವಾಯುಪಡೆಗೆ ದೊಡ್ಡ ವಿಮಾನ ಹೇಗೆ ಸಿಗುತ್ತದೆ?

ಲಿಥುವೇನಿಯಾದ ಜನಸಂಖ್ಯೆ 30 ಲಕ್ಷಕ್ಕಿಂತ ಕಡಿಮೆ. ಅದರ ವಾಯುಪಡೆಯಲ್ಲಿ ಯುದ್ಧವಿಮಾನಗಳ ದಳವೇ ಇಲ್ಲ. 2004ರಲ್ಲಿ ನ್ಯಾಟೊ ಕೂಟ ಸೇರಿದಂದಿನಿಂದ ಅದರ ಆಕಾಶವನ್ನು ಮಿತ್ರರಾಷ್ಟ್ರಗಳ ಜೆಟ್‌ಗಳು ಸರದಿಯ ಮೇಲೆ ಕಾಯುತ್ತಿವೆ. ಆದರೆ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವ ಕೆಲಸಕ್ಕೆ ಪೂರ್ತಿಯಾಗಿ ಬೇರೆಯವರನ್ನೇ ನೆಚ್ಚಿಕೊಳ್ಳುವುದು ಕಷ್ಟ. 2005ರಿಂದ 2013ರವರೆಗೆ ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ ಪುನರ್ನಿರ್ಮಾಣ ತಂಡವನ್ನು ಮುನ್ನಡೆಸಿದ್ದು ಈ ದೇಶವೇ. ಅಫ್ಘಾನಿಸ್ತಾನಕ್ಕೆ ಸಮುದ್ರತೀರವಿಲ್ಲದ ಕಾರಣ ಹಡಗು ಅಲ್ಲಿಗೆ ತಲುಪುವುದಿಲ್ಲ.

ಲಿಥುವೇನಿಯಾದ ಬಳಿ ಇಟಲಿಯಲ್ಲಿ ತಯಾರಾದ ಮೂರು ಸಿ-27ಜೆ ಸ್ಪಾರ್ಟನ್ ವಿಮಾನಗಳಿವೆ. ಎರಡು ಪ್ರೊಪೆಲ್ಲರ್ ಎಂಜಿನ್‌ಗಳ ಈ ವಿಮಾನ ಸುಮಾರು 11 ಟನ್ ಹೊರುತ್ತದೆ, ಮಣ್ಣಿನ ಗಿಡ್ಡ ರನ್‌ವೇಯಲ್ಲೂ ಇಳಿಯುತ್ತದೆ. ಹಿಂಬದಿಯ ಬಾಗಿಲು ಇಳಿಜಾರು ಹಲಗೆಯಂತೆ ನೆಲಕ್ಕೆ ತೆರೆದುಕೊಳ್ಳುವುದರಿಂದ ವಾಹನಗಳು ನೇರವಾಗಿ ಒಳಗೆ ಹೋಗಬಲ್ಲವು. ಮೂರು ಎಂಬ ಸಂಖ್ಯೆಗೂ ಅರ್ಥವಿದೆ. ಸಾಮಾನ್ಯವಾಗಿ ಒಂದು ವಿಮಾನ ದುರಸ್ತಿ, ತಪಾಸಣೆಯಲ್ಲಿರುತ್ತದೆ. ಇನ್ನೊಂದು ಪೈಲಟ್‌ಗಳ ತರಬೇತಿಗೆ ಬೇಕು. ನಿಜವಾದ ಕೆಲಸಕ್ಕೆ ಖಚಿತವಾಗಿ ಸಿಗುವುದು ಒಂದೇ.

ಆದರೆ ಭಾರಿ ಕವಚವಾಹನವನ್ನು ಸ್ಪಾರ್ಟನ್ ಹೊರಲಾರದು. ಅದಕ್ಕೆ ಭಾರತೀಯ ವಾಯುಪಡೆಯಲ್ಲೂ ಇರುವ ಸಿ-17ನಂತಹ ವಿಮಾನ ಬೇಕು. ಅದರ ಸಾಮರ್ಥ್ಯ ಸುಮಾರು 77 ಟನ್. ಇಷ್ಟು ದುಬಾರಿ ವಿಮಾನವನ್ನು ವರ್ಷದಲ್ಲಿ ಕೆಲವೇ ಬಾರಿಯ ಬಳಕೆಗಾಗಿ ಕೊಳ್ಳುವುದು ಸಣ್ಣ ದೇಶಕ್ಕೆ ನಿಲುಕದ ಮಾತು.

ಹಾಗಾಗಿ 2008ರಲ್ಲಿ ಲಿಥುವೇನಿಯಾ, ಎಸ್ಟೋನಿಯಾ, ಸ್ಲೊವೇನಿಯಾ, ಸ್ವೀಡನ್, ಅಮೆರಿಕ ಸೇರಿದಂತೆ 12 ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಅದರಂತೆ ಮೂರು ಸಿ-17 ವಿಮಾನಗಳು ಹಂಗೇರಿಯ ಪಾಪಾ ವಾಯುನೆಲೆಯಲ್ಲಿವೆ. ಸದಸ್ಯರು ಪಾಲು ಪಡೆಯುವುದು ಹಾರಾಟದ ಗಂಟೆಗಳಲ್ಲಿ: ಪ್ರತಿ ದೇಶಕ್ಕೂ ವರ್ಷಕ್ಕೆ ಇಂತಿಷ್ಟು ಗಂಟೆ, ಖರ್ಚೂ ಅದೇ ಪ್ರಮಾಣದಲ್ಲಿ. ವಿಮಾನಗಳ ನೋಂದಣಿ ಹಂಗೇರಿಯದ್ದು, ಸಿಬ್ಬಂದಿ ಹಲವು ದೇಶಗಳವರು. ತನ್ನ ಪಾಲಿನ ಗಂಟೆಗಳನ್ನು ದೇಶವೊಂದು ಸೈನಿಕ ಕಾರ್ಯಾಚರಣೆಗೆ ಬಳಸಬಹುದು, ಪರಿಹಾರ ಕಾರ್ಯಕ್ಕೂ ಬಳಸಬಹುದು. 2010ರ ಹೈಟಿ ಭೂಕಂಪದ ವೇಳೆ ಈ ವಿಮಾನಗಳು ನೆರವು ಸಾಗಿಸಿದ್ದವು.

ಇಲ್ಲಿ ಒಂದು ತೊಡಕೂ ಇದೆ. ಬಿಕ್ಕಟ್ಟು ಎಲ್ಲರಿಗೂ ಒಮ್ಮೆಲೇ ಬಂದರೆ, 12 ದೇಶಗಳ ಕಣ್ಣು ಅದೇ ಮೂರು ವಿಮಾನಗಳ ಮೇಲೆ ಬೀಳುತ್ತದೆ. ಆದ್ದರಿಂದ ಪಾಲುದಾರಿಕೆಯು ಸ್ವಂತ ವಿಮಾನಕ್ಕೆ ಪೂರ್ಣ ಪರ್ಯಾಯವಲ್ಲ. ದಿನನಿತ್ಯ ಬೇಕಾದದ್ದನ್ನು ಸ್ವಂತವಾಗಿಟ್ಟುಕೊಂಡು, ಅಪರೂಪಕ್ಕೆ ಬೇಕಾಗುವ ಭಾರಿ ಸಾಧನವನ್ನು ಹಂಚಿಕೊಂಡಿರುವ ಲಿಥುವೇನಿಯಾದ ದಾರಿ, ಸಣ್ಣ ದೇಶವೊಂದರ ಮಟ್ಟಿಗೆ ವಿವೇಕದ ದಾರಿಯೆಂದೇ ನಮ್ಮ ಅಭಿಪ್ರಾಯ.