ಹೊಸ ಕಂಪ್ಯೂಟರ್ ಬರಲಿ, ಹಳೆ ನಮೂನೆಗಳೂ ಉಳಿಯಲಿ

ನಮ್ಮ ಕಾಲೇಜಿನ ಕಚೇರಿಗೆ ಹೊಸ ಕಂಪ್ಯೂಟರ್‌ಗಳು ಬರುತ್ತವೆ ಎಂಬ ಸುದ್ದಿ ಕೇಳಿ ಎಲ್ಲರಿಗೂ ಖುಷಿ. ನನಗೂ ಖುಷಿಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ದಿನ ನಿಂತಿತು. ಆದ್ದರಿಂದ ಬದಲಾವಣೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇಷ್ಟೇ: ಹೊಸದನ್ನು ಹಾಕುವ ಗಡಿಬಿಡಿಯಲ್ಲಿ ಹಳೆಯದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ.

ಏನಿರುತ್ತದೆ ಅಂತೀರಾ? ಟಿಸಿ, ವ್ಯಾಸಂಗ ಪ್ರಮಾಣಪತ್ರ, ಬೋನಫೈಡ್ ಇವುಗಳ ನಮೂನೆ. ಇವನ್ನೇ ಟೆಂಪ್ಲೇಟ್ ಎನ್ನುತ್ತಾರೆ. ಅದರ ಜೊತೆಗೆ ಮ್ಯಾಕ್ರೋ, ಅಂದರೆ ಒಂದೇ ಕೆಲಸವನ್ನು ದಿನಕ್ಕೆ ನೂರು ಸಲ ಮಾಡುವವರು ಒಂದು ಕೀಲಿಗೆ ಕಟ್ಟಿಟ್ಟ ಆಜ್ಞೆಗಳ ಸರಮಾಲೆ. ಟಿಸಿಯಲ್ಲಿ ಹುಟ್ಟಿದ ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಲ್ಲ, 14-08-2008 ಎಂದು ಹೊಡೆದರೆ ಸಾಕು, 'ಹದಿನಾಲ್ಕು ಆಗಸ್ಟ್ ಎರಡು ಸಾವಿರದ ಎಂಟು' ಎಂದು ತಾನೇ ಬರೆದುಕೊಳ್ಳುವಂತೆ ಮಾಡಿಟ್ಟವರಿದ್ದಾರೆ. ಇಂಥ ಕೆಲಸ ಮಾಡಿದವರು ಎಂಜಿನಿಯರುಗಳಲ್ಲ. ಕೂತಲ್ಲೇ ಕಲಿತ ಗುಮಾಸ್ತರು, ಡಿಟಿಪಿ ಅಂಗಡಿಯವರು.

ಔರಾದ್ ತಾಲ್ಲೂಕಿನ ನಮಗೆ ಇದು ದೊಡ್ಡ ವಿಷಯ ಯಾಕೆಂದು ಹೇಳುತ್ತೇನೆ. ನಮ್ಮ ಹೆಸರುಗಳನ್ನೇ ನೋಡಿ. ಮಹಮ್ಮದ್, ಮೊಹಮ್ಮದ್, ಮಹ್ಮದ್, ಎಂ.ಡಿ. ಎಲ್ಲವೂ ಒಂದೇ, ಆದರೆ ಸ್ಕಾಲರ್‌ಶಿಪ್ ಅರ್ಜಿ ತಪಾಸಣೆ ಮಾಡುವ ಕಂಪ್ಯೂಟರಿಗೆ ನಾಲ್ಕೂ ಬೇರೆ ಬೇರೆ ಮನುಷ್ಯರು. ಒಳ್ಳೆಯ ಗುಮಾಸ್ತರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದ ಹಾಗೇ ಹೆಸರನ್ನು ಒಮ್ಮೆ ಸರಿಯಾಗಿ ಬರೆದು ವರ್ಡ್‌ನ ಆಟೋಟೆಕ್ಸ್ಟ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದಿನ ಎಲ್ಲ ಪತ್ರಗಳಲ್ಲೂ ಅದೇ ಕಾಗುಣಿತ ಬರುತ್ತದೆ. ಕಳೆದ ಜೂನ್‌ನಲ್ಲಿ ನನ್ನ ತಂಗಿ ಓದಿದ ಒಂದು ಶಾಲೆಯಲ್ಲಿ (ಹೆಸರು ಬೇಡ) ಕಂಪ್ಯೂಟರ್ ಬದಲಾಯಿಸಿದರು. ಆ ಪಟ್ಟಿ ಹೋಯಿತು, ಎಲ್ಲವನ್ನೂ ಕೈಯಲ್ಲಿ ಹೊಡೆದರು, ಅಬ್ಬಾನ ಹೆಸರಿನಲ್ಲಿ ಒಂದು ಒತ್ತಕ್ಷರ ಜಾಸ್ತಿಯಾಯಿತು. ಅರ್ಜಿ ವಾಪಸ್. ಅದನ್ನು ತಿದ್ದಿಸಲು ಅಬ್ಬಾ ಎರಡು ದಿನದ ಕೂಲಿ ಬಿಟ್ಟು ಓಡಾಡಿದರು. 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕೆ ಹೋದವರಿಗೂ ಕಾಗದದಿಂದ ಕಾಗದಕ್ಕೆ ಹೆಸರು ಹೊಂದಬೇಕೆಂಬುದು ಚೆನ್ನಾಗಿ ಗೊತ್ತು.

ಪಟ್ಟಿ ಹೋಗಿದ್ದು ಹೇಗೆ? ಔರಾದ್‌ನಲ್ಲಿ ಜೆರಾಕ್ಸ್-ಡಿಟಿಪಿ ಅಂಗಡಿ ಇಟ್ಟಿರುವ ನನ್ನ ಮಾಮು ಇದನ್ನು ವಿವರಿಸಿದರು. ರಿಪೇರಿಯವನು ಬಂದಾಗ ಎಲ್ಲರೂ ಹೇಳುವ ಮಾತು ಒಂದೇ: "ಡಿ ಡ್ರೈವ್‌ನಾಗ ಎಲ್ಲಾ ಅದ, ಸಿ ಫಾರ್ಮ್ಯಾಟ್ ಮಾಡ್ರಿ." ಪತ್ರಗಳು ಡಿ ಡ್ರೈವ್‌ನಲ್ಲಿ ಇರುತ್ತವೆ, ನಿಜ. ಆದರೆ ವರ್ಡ್ ತನ್ನ ಮ್ಯಾಕ್ರೋ, ಆಟೋಟೆಕ್ಸ್ಟ್, ಕೀಲಿಗಳ ಜೋಡಣೆ ಇವನ್ನೆಲ್ಲ ಸಾಮಾನ್ಯವಾಗಿ 'ನಾರ್ಮಲ್' ಎಂಬ ಒಂದು ಕಡತದಲ್ಲಿ ತುಂಬಿಡುತ್ತದೆ. ಅದರ ಹೆಸರಿನ ಬಾಲದಲ್ಲಿ ಡಿ-ಒ-ಟಿ-ಎಂ ಎಂಬ ನಾಲ್ಕು ಅಕ್ಷರ ಇರುತ್ತವೆ. ಅದು ಕೂತಿರುವುದು ಸಿ ಡ್ರೈವ್‌ನಲ್ಲಿ, ಬಳಕೆದಾರರ ಹೆಸರಿನ ಕೆಳಗೆ, 'ಆಪ್‌ಡೇಟಾ' ಎಂಬ ಮುಚ್ಚಿಟ್ಟ ಫೋಲ್ಡರಿನಲ್ಲಿ. ಕಣ್ಣಿಗೆ ಬೀಳುವುದೇ ಇಲ್ಲ. ಫಾರ್ಮ್ಯಾಟ್ ಆದ ಮೇಲೆ ವರ್ಡ್ ಏನೂ ದೂರು ಹೇಳುವುದಿಲ್ಲ, ಸದ್ದಿಲ್ಲದೆ ಖಾಲಿ ನಾರ್ಮಲ್ ಒಂದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಏನೋ ಹೋಗಿದೆ ಎಂದು ತಿಳಿಯುವುದು ಜೂನ್‌ನಲ್ಲಿ, ಕಿಟಕಿಯ ಮುಂದೆ ಸಾಲು ನಿಂತಾಗ.

ಕನ್ನಡದ್ದು ಇನ್ನೂ ಒಂದು ಗಂಟು ಇದೆ, ಇಂಗ್ಲಿಷಿನವರಿಗೆ ಇಲ್ಲದ್ದು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ ನಮ್ಮ ಕಚೇರಿಗಳೆಲ್ಲ ಅದನ್ನೇ ಹಿಡಿದವು. ಅದರ ಹಳೆ ಫಾಂಟುಗಳಲ್ಲಿ ಒಳಗಿರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ ಅಷ್ಟೇ. ಆ ಫಾಂಟು ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದ ತೆರೆದರೆ ಮೊದಲಿಗೆ ಇಂಗ್ಲಿಷಿನ 'ಪಿ', ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತದೆ! ಅದರಲ್ಲೂ ಸಣ್ಣ 'ಕ್ಯೂ' ಇದ್ದರೆ ಡ, ದೊಡ್ಡ 'ಕ್ಯೂ' ಇದ್ದರೆ ಕಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ವರ್ಡ್‌ನ ಚಟ ಕನ್ನಡವನ್ನು ಕೆಡಿಸುವುದು ಹೀಗೆ. ಹಳೆ ಯಂತ್ರದಲ್ಲಿ ಯಾರೋ ಪುಣ್ಯಾತ್ಮರು ಆ ಟಿಕ್ ತೆಗೆದಿಟ್ಟಿರುತ್ತಾರೆ. ಹೊಸದರಲ್ಲಿ ಅದು ಮತ್ತೆ ಬಂದು ಕೂರುತ್ತದೆ.

ಈಗ ಎಲ್ಲರೂ ಯೂನಿಕೋಡ್‌ಗೆ ಬರುತ್ತಿದ್ದಾರೆ, ಬರಲೇಬೇಕು. ಆದರೆ ಹಳೆ ಮ್ಯಾಕ್ರೋ ಉಳಿದರೂ ಅದು ಕುರುಡಾಗುತ್ತದೆ. ಅದು ಹುಡುಕುತ್ತಿರುವುದು ಆ ಪಿ ಮತ್ತು ಪೌಂಡನ್ನು, ಪುಟದಲ್ಲಿ ಈಗ ಇರುವುದು ನಿಜವಾದ ಕನ್ನಡ. ಮ್ಯಾಕ್ರೋ ಬರೆಯುವ ವಿಬಿಎ ಕಿಟಕಿಯಲ್ಲಿ ಯೂನಿಕೋಡ್ ಕನ್ನಡವನ್ನು ನೇರವಾಗಿ ಅಂಟಿಸಿದರೆ ಪ್ರಶ್ನೆಚಿಹ್ನೆಗಳು ಬರುತ್ತವೆ. 'ಕ' ಬೇಕಿದ್ದರೆ ಅದರ ಸಂಖ್ಯೆ 3221 ಎಂದು ಕೊಡಬೇಕು. ತಲೆನೋವಿನ ಕೆಲಸವೇ ಸರಿ, ಆದರೆ ಒಂದು ಸಲದ ತಲೆನೋವು. ನಮ್ಮ ಉರ್ದು ವಿಭಾಗದವರು ನಗಬೇಕಾಗಿಲ್ಲ, ಇನ್‌ಪೇಜ್‌ನ ಹಳೆ ಕಡತಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಮ್ಯಾಕ್ರೋ ಎಂದರೆ ವೈರಸ್, ಹೋದರೆ ಒಳ್ಳೆಯದೇ ಆಯಿತು ಎನ್ನುವವರು ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲೇ ಇದ್ದಾರೆ. ಅವರ ಭಯಕ್ಕೆ ಕಾರಣವಿದೆ. 1999ರಲ್ಲಿ ಲೋಕವನ್ನೆಲ್ಲ ಸುತ್ತಿದ 'ಮೆಲಿಸ್ಸಾ' ವರ್ಡ್ ಮ್ಯಾಕ್ರೋ ಆಗಿತ್ತು. 2022ರಿಂದ ಇಂಟರ್ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನೇ ತಡೆಯುತ್ತಿದೆ, ಅದು ಸರಿಯಾದ ಕ್ರಮ. ಆದರೆ ನಮ್ಮ ಕಚೇರಿಯಲ್ಲೇ ಬರೆದದ್ದು, ಏನು ಮಾಡುತ್ತದೆ ಎಂದು ನಮಗೆ ಗೊತ್ತಿರುವುದು ಬೇರೆ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಬರೀ ನಮೂನೆಯಿಂದ ಆಗುವ ಕೆಲಸಕ್ಕೆ ಮ್ಯಾಕ್ರೋ ಬೇಡವೇ ಬೇಡ. ದಿನಾಂಕವನ್ನು ಅಕ್ಷರಕ್ಕೆ ತಿರುಗಿಸುವಂಥದ್ದಕ್ಕೆ ಮಾತ್ರ ಇರಲಿ. ಉಚಿತವಾದ ಲಿಬ್ರೆ ಆಫೀಸ್‌ಗೆ ಹೋಗೋಣ ಎಂಬ ಸಲಹೆಯೂ ಇದೆ. ದುಡ್ಡು ಉಳಿಯುತ್ತದೆ, ನಮೂನೆಗಳು ಬಹುಮಟ್ಟಿಗೆ ತೆರೆಯುತ್ತವೆ, ಆದರೆ ವರ್ಡ್‌ನ ಮ್ಯಾಕ್ರೋಗಳೆಲ್ಲ ಅಲ್ಲಿ ಓಡುವ ಭರವಸೆ ಇಲ್ಲ. ಮೊದಲು ಒಂದು ಯಂತ್ರದಲ್ಲಿ ಪರೀಕ್ಷೆ ಮಾಡಿ ನೋಡಲಿ.

ಉಳಿಸುವುದು ಕಷ್ಟವಲ್ಲ, ಒಂದು ಮಧ್ಯಾಹ್ನದ ಕೆಲಸ. ವರ್ಡ್ ಮುಚ್ಚಬೇಕು, ಮುಚ್ಚದಿದ್ದರೆ ಅದು ನಾರ್ಮಲ್ ಕಡತವನ್ನು ಹಿಡಿದುಕೊಂಡೇ ಇರುತ್ತದೆ. ಆಮೇಲೆ ಆಪ್‌ಡೇಟಾ ಒಳಗಿನ ಮೈಕ್ರೋಸಾಫ್ಟ್ ಫೋಲ್ಡರಿನಿಂದ ಟೆಂಪ್ಲೇಟ್ಸ್ ಮತ್ತು ವರ್ಡ್‌ನ ಸ್ಟಾರ್ಟಪ್ ಇವೆರಡನ್ನೂ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಬೇಕು. ನುಡಿ ಫಾಂಟುಗಳನ್ನೂ ಮರೆಯಬಾರದು. ಮ್ಯಾಕ್ರೋಗಳನ್ನು ಆಲ್ಟ್ ಮತ್ತು ಎಫ್11 ಒತ್ತಿ, ಒಂದೊಂದಾಗಿ ಎಕ್ಸ್‌ಪೋರ್ಟ್ ಮಾಡಿದರೆ ಸಾದಾ ಪಠ್ಯವಾಗಿ ಹೊರಬರುತ್ತವೆ. ಅದನ್ನು ನೋಟ್‌ಪ್ಯಾಡ್‌ನಲ್ಲೂ ಓದಬಹುದು, ಮುದ್ರಿಸಿ ಫೈಲಿನಲ್ಲೂ ಇಡಬಹುದು. ಮ್ಯಾಕ್ರೋ ಇರುವ ನಮೂನೆಯನ್ನು ಸಾಮಾನ್ಯ ವರ್ಡ್ ಕಡತವಾಗಿ ಉಳಿಸಿದರೆ ಮ್ಯಾಕ್ರೋ ಉದುರಿಹೋಗುತ್ತದೆ. ವರ್ಡ್ ಎಚ್ಚರಿಕೆ ಕೊಡುತ್ತದೆ, ನಾವು ಓದದೆ 'ಯೆಸ್' ಒತ್ತುತ್ತೇವೆ. ಹೊಸ ಆಫೀಸ್ 64 ಬಿಟ್‌ನದಾಗಿದ್ದರೆ ವಿಂಡೋಸ್‌ಅನ್ನೇ ನೇರವಾಗಿ ಕರೆಯುವ ಕೆಲವು ಹಳೆ ಮ್ಯಾಕ್ರೋಗಳಿಗೆ ಸಣ್ಣ ತಿದ್ದುಪಡಿ ಬೇಕಾದೀತು. ಅಂಥವು ನಮ್ಮ ಕಚೇರಿಯಲ್ಲಿ ಇರುವುದು ಅನುಮಾನ.

ಇನ್ನೊಂದು ಮಾತು. ನಮ್ಮ ಆಡಳಿತ ಮಂಡಳಿಯವರು ಯಂತ್ರ ಖರೀದಿಗೆ ಕೊಟೇಶನ್ ತರಿಸುವಾಗ ಹಳೆ ಟೆಂಪ್ಲೇಟ್ ಸಾಗಿಸುವ ಕೆಲಸವನ್ನೂ ಅದರಲ್ಲೇ ಬರೆಸಲಿ. ಬರೆಸದಿದ್ದರೆ ಅಂಗಡಿಯವರು ಮಾಡುವುದಿಲ್ಲ, ಅವರನ್ನು ದೂರಿ ಪ್ರಯೋಜನವೂ ಇಲ್ಲ. ನಮೂನೆ ಮಾಡಿದ ಗುಮಾಸ್ತ ಸರ್ ನಿವೃತ್ತಿಗೆ ಮುನ್ನ ಯಾವ ಕೀಲಿ ಏನು ಮಾಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡುವಂತೆ ಪ್ರಾಂಶುಪಾಲರು ಕೇಳಲಿ. ಆ ಹಾಳೆಯಲ್ಲಿ ಅವರ ಹೆಸರೂ ಇರಲಿ.

ನಮ್ಮ ತರಗತಿಯ ಇಬ್ಬರು ಶನಿವಾರ ಮಧ್ಯಾಹ್ನ ಕಚೇರಿಯಲ್ಲಿ ಕೂತು ಈ ಕೆಲಸ ಮಾಡಲು ಸಿದ್ಧರಿದ್ದೇವೆ ಎಂದು ಕಂಪ್ಯೂಟರ್ ಮೇಡಂ ಅವರಿಗೆ ಹೇಳಿದ್ದೇವೆ. ಪೆನ್‌ಡ್ರೈವ್ ನಾವೇ ತರುತ್ತೇವೆ. ಹಳೆ ಯಂತ್ರಗಳನ್ನು ಅಲ್ಲಿಯವರೆಗೆ ಯಾರೂ ಫಾರ್ಮ್ಯಾಟ್ ಮಾಡದಿದ್ದರೆ ಸಾಕು.