ಬತ್ತಿದ ಜಲಾಶಯ, ಬತ್ತದ ವಿಶ್ವಾಸ

ಈಚೆಗೆ ನಮ್ಮ ಮನೆಗೆ ಬಂಧುಗಳೊಬ್ಬರು ಸಕುಟುಂಬರಾಗಿ ಆಗಮಿಸಿದ್ದರು. ಅವರ ಹಿರಿಯ ಮಗಳು ಸಿ.ಇ.ಟಿ.ಯಲ್ಲಿ ಉತ್ತಮ ಸ್ಥಾನ ಗಳಿಸಿದ್ದಾಳೆ. ಆಕೆ ಕಂಪ್ಯೂಟರ್ ವಿಭಾಗವನ್ನೇ ಆರಿಸಿಕೊಳ್ಳಲಿ ಎಂಬುದು ಮನೆಯವರ ಅಪೇಕ್ಷೆ. ಸಿವಿಲ್ ಇಂಜಿನಿಯರಿಂಗನ್ನೇ ಓದಬೇಕೆಂಬುದು ಮಗಳ ಹಟ. “ಹೆಣ್ಣುಮಗಳು ಬಿಸಲಾಗ ನಿಂತು ಕಾಂಕ್ರೀಟ್ ಹಾಕಸೂದು ಆಗೋ ಮಾತೇನ್ರಿ? ನಾಳೆ ಲಗ್ನ ಆದಮ್ಯಾಲೆ ಗಂಡನ ಮನಿಯವರು ಒಪ್ತಾರೇನ್ರಿ?” ಎಂದು ತಾಯಿ ನಮ್ಮನ್ನು ಕೇಳಿದರು. ನಾವು ಉತ್ತರಿಸುವ ಮೊದಲೇ ಮಗಳು ಮೆಲ್ಲನೆ ನುಡಿದಳು: “ಅವ್ವಾ, ನಮ್ಮೂರ ನಳಕ್ಕ ವಾರಕ್ಕೊಮ್ಮೆ ನೀರು ಬರ್ತದ. ಕೊಡ ಹಿಡಕೊಂಡು ಕಾಯೋರು ನಾವು. ಆ ನೀರು ತರೋ ಕೆಲಸ ಮಾತ್ರ ನಮಗ ಬ್ಯಾಡೇನು?”

ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ನೆಟ್ಟು ನಿಂತಿತು. ನೀರಿಗಾಗಿ ಕಾಯುವ ಹೊಣೆ ಹೆಣ್ಣಿನದು, ನೀರಿನ ಬಗ್ಗೆ ತೀರ್ಮಾನಿಸುವ ಅಧಿಕಾರ ಗಂಡಿನದು ಎಂಬ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ, ಜಗತ್ತಿನ ಬಹುಭಾಗದಲ್ಲಿ ನಡೆದು ಬಂದಿದೆ. ಆ ಪದ್ಧತಿಯನ್ನು ಘೋಷಣೆಯಿಂದಲ್ಲದೆ ದುಡಿಮೆಯಿಂದ ಮುರಿದ ಒಬ್ಬ ಮಹಿಳೆಯ ವೃತ್ತಿಜೀವನವನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ. ಆಕೆಯ ಹೆಸರು ಸೂ ಮರ್ಫಿ. ಊರು ಪಶ್ಚಿಮ ಆಸ್ಟ್ರೇಲಿಯದ ರಾಜಧಾನಿ ಪರ್ತ್.

ಸೂ ಮರ್ಫಿಯವರು 1979ರಲ್ಲಿ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದರು. ಅನಂತರ ಕ್ಲಫ್ ಎಂಬ ನಿರ್ಮಾಣ ಸಂಸ್ಥೆಯನ್ನು ಸೇರಿ ಸುಮಾರು 25 ವರ್ಷಗಳ ಕಾಲ ಅಲ್ಲಿಯೇ ದುಡಿದರು. ಕಾಮಗಾರಿಯ ಸ್ಥಳದಲ್ಲಿ ಮಹಿಳಾ ಇಂಜಿನಿಯರನ್ನು ಕಾಣುವುದೇ ಅಪರೂಪವಾಗಿದ್ದ ಕಾಲವದು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಅವರು 1998ರಲ್ಲಿ ಆ ಸಂಸ್ಥೆಯ ನಿರ್ದೇಶಕ ಮಂಡಲಿಯನ್ನು ಪ್ರವೇಶಿಸಿದ ಮೊದಲ ಮಹಿಳೆಯಾದರು. ಪದವಿಯಿಂದ ಈ ಸ್ಥಾನಕ್ಕೆ 19 ವರ್ಷಗಳು ಹಿಡಿದವು ಎಂಬುದನ್ನು ನಮ್ಮ ತರುಣಿಯರು ಗಮನಿಸಬೇಕು.

2004ರಲ್ಲಿ ಅವರು ಪಶ್ಚಿಮ ಆಸ್ಟ್ರೇಲಿಯದ ಸರ್ಕಾರಿ ಜಲಸಂಸ್ಥೆಯಾದ ವಾಟರ್ ಕಾರ್ಪೊರೇಷನ್ನಿಗೆ ಬಂದು ಯೋಜನೆ ಮತ್ತು ನಿರ್ಮಾಣ ಕಾರ್ಯಗಳ ಹೊಣೆ ಹೊತ್ತರು. 2008ರಲ್ಲಿ ಆ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಸುಮಾರು ಹತ್ತು ವರ್ಷ ಅದನ್ನು ಮುನ್ನಡೆಸಿದರು. ಅವರಿಗೆ ದೊರೆತದ್ದು ಹೂವಿನ ಪೀಠವಾಗಿರಲಿಲ್ಲ. ಅದನ್ನು ಅರಿಯಲು ಪರ್ತಿನ ನೀರಿನ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಹಿಂದೂ ಮಹಾಸಾಗರದ ದಂಡೆಯ ಮೇಲಿರುವ ಈ ನಗರದಲ್ಲಿ ಇಂದು ಇಪ್ಪತ್ತು ಲಕ್ಷಕ್ಕೂ ಅಧಿಕ ಜನರಿದ್ದಾರೆ. ಅಲ್ಲಿ ಮಳೆ ಬೀಳುವುದು ಮೇ ತಿಂಗಳಿಂದಾಚೆಗಿನ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. 1911ರಿಂದ 1974ರವರೆಗೆ ಪರ್ತಿನ ಜಲಾಶಯಗಳಿಗೆ ವರ್ಷಕ್ಕೆ ಸರಾಸರಿ ಸುಮಾರು 34,000 ಕೋಟಿ ಲೀಟರ್ ನೀರು ಹರಿದು ಬರುತ್ತಿತ್ತು. 1975ರ ಬಳಿಕದ ಕಾಲು ಶತಮಾನದಲ್ಲಿ ಅದು ಸರಿಸುಮಾರು ಅರ್ಧಕ್ಕೆ ಇಳಿಯಿತು. ಈ ಶತಮಾನದಲ್ಲಿ ಇನ್ನೂ ಕುಸಿಯಿತು. ಮಳೆ ಕಡಿಮೆಯಾದದ್ದು ಐದರಲ್ಲಿ ಒಂದು ಪಾಲಿನಷ್ಟು; ಹೊಳೆಯ ನೀರು ಕಡಿಮೆಯಾದದ್ದು ಅದರ ಹಲವು ಪಟ್ಟು. ಇದೇಕೆ ಹೀಗೆ? ಒಣಗಿದ ನೆಲ ಮೊದಲು ತನ್ನ ದಾಹವನ್ನು ತೀರಿಸಿಕೊಳ್ಳುತ್ತದೆ. ಅದು ಕುಡಿದು ಉಳಿದದ್ದು ಮಾತ್ರ ಹಳ್ಳಕ್ಕೆ ಇಳಿಯುತ್ತದೆ. ಕೆರೆಯ ನೀರನ್ನೇ ನೆಚ್ಚಿ ಬೇಸಾಯ ಮಾಡಿದ ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ.

ಮಳೆ ಮತ್ತೆ ಮೊದಲಿನಂತಾದೀತೆಂದು ಕಾಯುತ್ತ ಕೂಡುವಂತಿರಲಿಲ್ಲ. ಮನೆಯಂಗಳದ ಹುಲ್ಲಿಗೆ ತುಂತುರು ನೀರು ಹಾಯಿಸುವುದನ್ನು 2001ರಲ್ಲಿಯೇ ವಾರಕ್ಕೆ ಎರಡು ದಿನಕ್ಕೆ ಮಿತಿಗೊಳಿಸಲಾಗಿತ್ತು. ಪರ್ತಿನ ದಕ್ಷಿಣಕ್ಕಿರುವ ಕ್ವಿನಾನಾದಲ್ಲಿ 2006ರಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರ ಆರಂಭವಾಯಿತು. ವರ್ಷಕ್ಕೆ 4,500 ಕೋಟಿ ಲೀಟರ್ ಸಾಮರ್ಥ್ಯದ ಅದು ಆಸ್ಟ್ರೇಲಿಯದಲ್ಲಿ ಆ ಬಗೆಯ ಮೊದಲ ಬೃಹತ್ ಸ್ಥಾವರ. ನಮ್ಮ ಅಡುಗೆಮನೆಯ ಆರ್.ಓ. ಯಂತ್ರದ ತತ್ತ್ವವೇ ಅಲ್ಲಿಯದೂ. ಉಪ್ಪುನೀರನ್ನು ಭಾರಿ ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ನೂಕಿದಾಗ ನೀರು ದಾಟುತ್ತದೆ, ಉಪ್ಪು ಹಿಂದುಳಿಯುತ್ತದೆ. ಇದಕ್ಕೆ ವಿದ್ಯುತ್ತು ಬಹಳ ಬೇಕು. ಆ ಹೊರೆಯನ್ನು ಸರಿದೂಗಿಸಲು ಎಮು ಡೌನ್ಸ್ ಎಂಬಲ್ಲಿನ ಗಾಳಿಯಂತ್ರಗಳ ವಿದ್ಯುತ್ತನ್ನು ಖರೀದಿಸಲಾಯಿತು. ಮರ್ಫಿಯವರ ಅಧಿಕಾರಾವಧಿಯಲ್ಲಿ, 2011ರಲ್ಲಿ, ಬಿನ್ನಿಂಗಪ್ ಎಂಬಲ್ಲಿ ಎರಡನೆಯ ಸ್ಥಾವರ ಆರಂಭವಾಗಿ, ಮುಂದೆ ವರ್ಷಕ್ಕೆ 10,000 ಕೋಟಿ ಲೀಟರ್ ಸಾಮರ್ಥ್ಯಕ್ಕೆ ವಿಸ್ತರಿಸಿತು.

ಆದರೆ ನಮ್ಮ ದೃಷ್ಟಿಯಲ್ಲಿ ಆ ಸಂಸ್ಥೆಯ ನಿಜವಾದ ಪರೀಕ್ಷೆ ಸಮುದ್ರದ ನೀರಿನದಲ್ಲ, ಮನೆಗಳಿಂದ ಹೊರಬಿದ್ದ ಕೊಳಚೆ ನೀರಿನದು. ಅದನ್ನು ಪರಿಪೂರ್ಣವಾಗಿ ಶುದ್ಧೀಕರಿಸಿ ಭೂಗರ್ಭಕ್ಕೆ ಇಳಿಸಿ, ಮುಂದೊಮ್ಮೆ ಕುಡಿಯುವ ನೀರಾಗಿ ಮೇಲೆತ್ತುವ ಯೋಜನೆಯದು. ಯಂತ್ರಕ್ಕೆ ಇದು ಕಠಿಣವಲ್ಲ, ಮನಸ್ಸಿಗೆ ಕಠಿಣ. 2006ರ ಜುಲೈ ತಿಂಗಳಲ್ಲಿ ಅದೇ ದೇಶದ ಕ್ವೀನ್ಸ್‌ಲೆಂಡ್ ಪ್ರಾಂತದ ಟುವೂಂಬಾ ಪಟ್ಟಣದಲ್ಲಿ ಇಂಥದೇ ಆಲೋಚನೆಯನ್ನು ಜನಮತಕ್ಕೆ ಇಟ್ಟಾಗ ಶೇಕಡಾ 60ಕ್ಕೂ ಮಿಕ್ಕ ಜನರು ಬೇಡವೆಂದು ತಿರಸ್ಕರಿಸಿದರು. ಪಟ್ಟಣದ ಜಲಾಶಯಗಳು ಬತ್ತುತ್ತಿದ್ದಾಗಲೇ ಜನರು ಈ ತೀರ್ಪಿತ್ತರು.

ಪರ್ತಿನಲ್ಲಿ ಅವಸರ ಮಾಡಲಿಲ್ಲ. ಬೀನ್ಯಪ್ ಎಂಬಲ್ಲಿ ಸಣ್ಣ ಪ್ರಾಯೋಗಿಕ ಘಟಕವನ್ನು ಕಟ್ಟಿ 2010ರಿಂದ 2012ರ ಕೊನೆಯವರೆಗೆ ಪರೀಕ್ಷೆ ನಡೆಸಿದರು. ಶುದ್ಧೀಕರಿಸಿದ ಕೊಳಚೆ ನೀರನ್ನು ಮತ್ತೆ ಸೂಕ್ಷ್ಮ ಶೋಧಕದಿಂದ, ಆರ್.ಓ. ಪೊರೆಯಿಂದ, ಕೊನೆಗೆ ಅತಿನೇರಳೆ ಕಿರಣಗಳಿಂದ ಹಾಯಿಸಿ ಆಳದ ಅಂತರ್ಜಲ ಪದರಕ್ಕೆ ಇಳಿಸಿದರು. ನೀರಿನ ಗುಣವನ್ನು ಸಾವಿರಾರು ಬಾರಿ ಅಳೆದರು. ಜನರ ಕಣ್ಣಿಗೆ ಮರೆಮಾಡದೆ ಸಂದರ್ಶಕರ ಕೇಂದ್ರವನ್ನೇ ತೆರೆದು, ಬಂದವರಿಗೆ ಪ್ರತಿಯೊಂದು ಹಂತವನ್ನೂ ತೋರಿಸಿದರು. ಆರೋಗ್ಯ ಮತ್ತು ಪರಿಸರ ಇಲಾಖೆಗಳು ಆರಂಭದಿಂದಲೇ ಜೊತೆಗಿದ್ದವು. 2013ರಲ್ಲಿ ಸರ್ಕಾರ ಒಪ್ಪಿತು. 2017ರಲ್ಲಿ ವರ್ಷಕ್ಕೆ 1,400 ಕೋಟಿ ಲೀಟರ್ ಸಾಮರ್ಥ್ಯದ ಪೂರ್ಣ ಯೋಜನೆ ಕಾರ್ಯಾರಂಭ ಮಾಡಿತು. ಮುಂದೆ ಅದು ಇಮ್ಮಡಿಯಾಯಿತು. ಟುವೂಂಬಾದಲ್ಲಿ ಸೋತದ್ದು ಪರ್ತಿನಲ್ಲಿ ನೆಲೆಗೊಂಡಿತು.

ಇದೆಲ್ಲವೂ ಒಬ್ಬರ ಸಾಧನೆಯೆಂದು ನಾವು ಹೇಳುವುದಿಲ್ಲ. ಅವರಿಗಿಂತ ಹಿಂದಿನವರು ಹಾದಿ ಹಾಕಿದ್ದರು; ನೂರಾರು ತಂತ್ರಜ್ಞರು ಹಗಲಿರುಳು ದುಡಿದರು. ಆದರೆ ತಪ್ಪಾದಲ್ಲಿ ತಲೆ ತಗ್ಗಿಸಬೇಕಾದವರು ಮುಂದಾಳುಗಳೇ ತಾನೆ? ನೀರಿನ ಇಂಜಿನಿಯರನ ಅತಿ ಕಠಿಣ ಕೆಲಸ ಕೊಳವೆ ಹಾಕುವುದಲ್ಲ, ಆ ಕೊಳವೆಯ ನೀರನ್ನು ತಾಯಿಯೊಬ್ಬಳು ನಿಶ್ಚಿಂತೆಯಿಂದ ಮಗುವಿಗೆ ಕುಡಿಸುವಂತೆ ಮಾಡುವುದು. ಅದಕ್ಕೆ ಗಣಿತದಷ್ಟೇ ತಾಳ್ಮೆ ಬೇಕು, ಕೇಳಿಸಿಕೊಳ್ಳುವ ಕಿವಿ ಬೇಕು, ಮುಚ್ಚುಮರೆಯಿಲ್ಲದ ನಡೆ ಬೇಕು. ಈ ಗುಣಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಈ ಪಾಠ ನಮಗೂ ದೂರದ್ದಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಆರಂಭವಾಯಿತು. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡು ಹಿಗ್ಗಿದವರುಂಟು. ಆ ನೀರು ಎಷ್ಟು ಶುದ್ಧವೆಂದು ಶಂಕಿಸಿದವರೂ ಉಂಟು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿ ಜನರು ಟ್ಯಾಂಕರಿನ ಹಿಂದೆ ಓಡಿದ್ದನ್ನು ಎಲ್ಲರೂ ಕಂಡಿದ್ದೇವೆ. ಮುಂದಿನ ದಿನಗಳಲ್ಲಿ ಬಳಸಿದ ನೀರನ್ನು ಮರಳಿ ಬಳಸದೆ ನಮಗೂ ಗತ್ಯಂತರವಿಲ್ಲ. ಆಗ ಅಳತೆಗಳನ್ನು ಜನರ ಮುಂದೆ ಬಿಚ್ಚಿಡಬಲ್ಲ, ಜನರ ಭಯವನ್ನು ಅಜ್ಞಾನವೆಂದು ಜರಿಯದ ಇಂಜಿನಿಯರುಗಳು ನಮ್ಮ ನಾಡಿಗೂ ಬೇಕಾಗುತ್ತಾರೆ.

ಬಂಧುಗಳು ಹೊರಟು ನಿಂತಾಗ ಆ ತಾಯಿಗೆ ನಾವು ಹೇಳಿದ್ದಿಷ್ಟೆ: “ಆಕೆಯ ಹಾದಿ ಸುಲಭವೆಂದು ನಾವು ಹೇಳುವುದಿಲ್ಲ. ಕಂಪ್ಯೂಟರಿನವರಷ್ಟು ಸಂಬಳ ಮೊದಲಿಗೇ ಬಾರದಿರಬಹುದು; ಊರೂರು ತಿರುಗಬೇಕಾದೀತು. ಆದರೆ ನೀರಿನ ಬೆಲೆ ಬಲ್ಲವಳು ನೀರಿನ ಕೆಲಸಕ್ಕೆ ಹೋಗುತ್ತೇನೆಂದರೆ ತಡೆಯಬೇಡಿರಿ.” ಅವರು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಮಗಳ ಮುಖವನ್ನೊಮ್ಮೆ ನೋಡಿದರು. ಮನೆಗಳಲ್ಲಿ ಇಂಥ ಪ್ರಶ್ನೆ ಎದ್ದಾಗ ನಮ್ಮ ಓದುಗರೂ ಮಗಳ ಮುಖವನ್ನೊಮ್ಮೆ ನೋಡಿ, ಅನಂತರವೇ ನಿರ್ಧರಿಸಲಿ ಎಂಬುದು ನಮ್ಮ ವಿನಂತಿ.